ವೀಗನ್ ಬಟ್ಟೆ, ಚಪ್ಪಲಿ, ಶೂ: ಅಂಗಡಿಯಲ್ಲಿ ಏನು ನೋಡಬೇಕು, ಏನು ಕೇಳಬೇಕು

ಹಾಲು, ತುಪ್ಪ, ಮೊಟ್ಟೆ ಬಿಟ್ಟ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ತಿನ್ನುವುದೇನೋ ಸರಿಹೋಯಿತು, ತೊಡುವುದನ್ನು ಹೇಗೆ ಆರಿಸುವುದು? ಪ್ರಶ್ನೆ ನ್ಯಾಯವಾದದ್ದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಗುರುತು ಇರುತ್ತದೆ. 2022ರ ನಿಯಮಗಳ ಪ್ರಕಾರ ವೀಗನ್ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪ್ರತ್ಯೇಕ ಮುದ್ರೆಯನ್ನೂ ಕೊಡುತ್ತದೆ. ಆದರೆ ಸೀರೆಗೆ, ಅಂಗಿಗೆ, ಶೂಗೆ ಅಂಥ ಸರಕಾರಿ ಗುರುತು ಇಲ್ಲ. ನೋಡಿ, ಮುಟ್ಟಿ, ಕೇಳಿ ನಾವೇ ತಿಳಿದುಕೊಳ್ಳಬೇಕು.

ಮೊದಲು ಎರಡು ಪದಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಪ್ರಾಣಿಯಿಂದ ಬಂದ ಯಾವ ವಸ್ತುವೂ ಇಲ್ಲದ್ದು ವೀಗನ್ ಉಡುಪು: ಚರ್ಮ, ಉಣ್ಣೆ, ರೇಷ್ಮೆ, ತುಪ್ಪಳ, ಗರಿ, ಕೊಂಬು, ಚಿಪ್ಪು ಯಾವುದೂ ಇರಬಾರದು. ‘ಕ್ರೂರತೆ-ರಹಿತ’ ಎಂಬ ಮಾತು ಸೋಪು, ಕ್ರೀಮುಗಳ ಮಾರುಕಟ್ಟೆಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ ಎಂದು. ಬಟ್ಟೆಯ ವಿಷಯದಲ್ಲಿ ಅದಕ್ಕೆ ಗೊತ್ತಾದ ಅರ್ಥವಿಲ್ಲ. ಚೆನ್ನಾಗಿ ಸಾಕಿದ ಕುರಿಯ ಉಣ್ಣೆ ಎಂದು ಹೇಳಿ ಸ್ವೆಟರಿಗೂ ಆ ಮಾತನ್ನು ಅಂಟಿಸಬಹುದು. ಹಾಗಾಗಿ ಆ ಪದವನ್ನು ನಂಬಿ ಹಣ ಕೊಡಬೇಡಿ. ವಸ್ತು ಯಾವುದು ಎಂದು ಕೇಳಿ.

ಬೇಕಾಗುವ ಸಾಮಾನು ಕಡಿಮೆ. ಅಂಗಡಿಗೆ ಮೊಬೈಲ್ ಸಾಕು. ಟಾರ್ಚ್ ಹಾಕಿ ಕ್ಯಾಮೆರಾ ಹಿಗ್ಗಿಸಿದರೆ ಚಪ್ಪಲಿಯ ಅಂಚು, ಸೀರೆಯ ಎಳೆ ಎರಡೂ ಕಾಣುತ್ತವೆ. ಮನೆಯಲ್ಲಿ ಎಳೆ ಸುಟ್ಟು ನೋಡಲು ಒಂದು ಚಿಮುಟ, ಮೇಣದಬತ್ತಿ, ಸ್ಟೀಲ್ ತಟ್ಟೆ, ಪಕ್ಕದಲ್ಲಿ ನೀರು.

ಹಂತ 1: ಇರುವುದನ್ನು ವಿಂಗಡಿಸಿ, ಎಸೆಯಬೇಡಿ

ಹೊಸದನ್ನು ಕೊಳ್ಳುವ ಮೊದಲು ಬೀರು ತೆರೆಯಿರಿ. ಏನೇನು ಚರ್ಮದ್ದು, ಏನೇನು ರೇಷ್ಮೆಯದ್ದು ಎಂದು ಬೇರೆ ಮಾಡಿ ನೋಡಿ. ಹಳೆಯ ಚರ್ಮದ ಬೆಲ್ಟು, ಅಜ್ಜಿ ಕೊಟ್ಟ ಸೀರೆ ಇವನ್ನೆಲ್ಲ ಏನು ಮಾಡಬೇಕು ಎಂದು ಹಲವರು ಕೇಳುತ್ತಾರೆ. ನನ್ನ ಅಭಿಪ್ರಾಯ ಖಚಿತವಾಗಿದೆ: ಎಸೆದರೆ ಯಾವ ಜೀವವೂ ಉಳಿಯುವುದಿಲ್ಲ, ನಿಮ್ಮ ಖರ್ಚು ಮಾತ್ರ ಹೆಚ್ಚುತ್ತದೆ. ಸವೆಯುವವರೆಗೆ ಬಳಸಿ, ಮನಸ್ಸು ಒಪ್ಪದಿದ್ದರೆ ಬೇಕಾದವರಿಗೆ ಕೊಡಿ. ಮುಂದೆ ಕೊಳ್ಳುವ ಪ್ರತಿ ವಸ್ತುವಿನಲ್ಲಿ ಬದಲಾವಣೆ ಆಗಲಿ.

ಹಂತ 2: ನಾರಿನ ಹೆಸರು ಬೇರೆ, ನೇಯ್ಗೆಯ ಹೆಸರು ಬೇರೆ

ಸಿದ್ಧ ಉಡುಪುಗಳ ಒಳಗೆ ಕತ್ತಿನ ಬಳಿ ಅಥವಾ ಪಕ್ಕದ ಹೊಲಿಗೆಯಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತದೆ. ಅದರಲ್ಲಿ ನಾರಿನ ಹೆಸರು, ಶೇಕಡಾ ಪ್ರಮಾಣ ಇರುತ್ತವೆ. ಹತ್ತಿ, ಲಿನನ್ (ಅಗಸೆ ಗಿಡದ ನಾರು), ಸೆಣಬು, ವಿಸ್ಕೋಸ್, ಮೋಡಾಲ್, ಲಯೋಸೆಲ್ (ಮೂರೂ ಮರದ ತಿರುಳಿನವು), ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್: ಇವು ವೀಗನ್. ವೂಲ್, ಮೆರಿನೋ, ಪಶ್ಮಿನಾ, ಕ್ಯಾಶ್ಮೀರ್, ಮೊಹೇರ್, ಅಲ್ಪಾಕಾ, ಅಂಗೋರಾ, ಸಿಲ್ಕ್, ಟಸರ್, ಮುಗಾ, ಎರಿ: ಇವೆಲ್ಲ ಪ್ರಾಣಿಮೂಲ. ಟಸರ್ ಯಾವುದೋ ಗಿಡದ ನಾರು ಎಂದುಕೊಂಡವರು ಬಹಳ. ಅದು ಕಾಡುಮರಗಳ ಎಲೆ ತಿನ್ನುವ ರೇಷ್ಮೆಹುಳುವಿನ ಗೂಡು.

ಇಲ್ಲಿ ಎಡವುವುದು ಸಾಟಿನ್, ಜಾರ್ಜೆಟ್, ಶಿಫಾನ್, ಕ್ರೇಪ್, ಆರ್ಗಾಂಜಾ, ವೆಲ್ವೆಟ್‌ ಎಂಬ ಹೆಸರುಗಳಲ್ಲಿ. ಇವು ಬಟ್ಟೆ ತಯಾರಾದ ಬಗೆಯನ್ನು ಹೇಳುತ್ತವೆ, ನಾರನ್ನಲ್ಲ. ಜಾರ್ಜೆಟ್ ಪಾಲಿಯೆಸ್ಟರ್ ಆಗಿರಬಹುದು, ರೇಷ್ಮೆಯೂ ಆಗಿರಬಹುದು. ‘ಜಾರ್ಜೆಟ್ ಮೇಡಂ’ ಎಂಬ ಉತ್ತರಕ್ಕೆ ನಿಲ್ಲಬೇಡಿ; ಯಾವ ನೂಲಿನ ಜಾರ್ಜೆಟ್ ಎಂದು ಇನ್ನೊಮ್ಮೆ ಕೇಳಿ. ಖಾದಿಯೂ ಹಾಗೆಯೇ. ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಹತ್ತಿ, ರೇಷ್ಮೆ, ಉಣ್ಣೆ ಮೂರೂ ಖಾದಿಯೇ.

ಹಂತ 3: ರೇಷ್ಮೆ ಅಡಗಿರುವ ಜಾಗಗಳನ್ನು ಪತ್ತೆ ಮಾಡಿ

ಕನ್ನಡಿಗರಿಗೆ ನಿಜವಾಗಿ ಕಷ್ಟವಾಗುವುದು ಚರ್ಮವಲ್ಲ, ರೇಷ್ಮೆ. ಚಪ್ಪಲಿ ಕಂಡರೆ ಚರ್ಮವಿರಬಹುದೆಂದು ತಾನಾಗಿಯೇ ಅನುಮಾನ ಬರುತ್ತದೆ. ರೇಷ್ಮೆ ಮಾತ್ರ ಧಾರೆ ಸೀರೆಯಾಗಿ, ಮಡಿಯಾಗಿ, ಪೇಟವಾಗಿ, ಪಂಚೆಯ ಅಂಚಾಗಿ ಮಂಗಳದ ಹೆಸರಿನಲ್ಲೇ ಮನೆಯೊಳಗೆ ಬರುತ್ತದೆ. ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ನಮ್ಮ ರಾಜ್ಯದ್ದು. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳನ್ನು ನೋಡಿದವರಿಗೆ ಮುಂದಿನ ಮಾತು ಹೊಸದಲ್ಲ. ಹಿಪ್ಪುನೇರಳೆ ಸೊಪ್ಪು ತಿಂದು ಹಣ್ಣಾದ (ಪೂರ್ತಿ ಬೆಳೆದ) ಹುಳು ಚಂದ್ರಿಕೆಯಲ್ಲಿ, ಅಂದರೆ ಅದಕ್ಕೆಂದೇ ಇಟ್ಟ ತಟ್ಟೆಯಲ್ಲಿ, ಗೂಡು ಕಟ್ಟುತ್ತದೆ. ಗೂಡು ಒಂದೇ ಎಳೆಯದು. ಬಿಚ್ಚಿದರೆ ನೂರಾರು ಮೀಟರ್ ಉದ್ದ ಬರುತ್ತದೆ. ಒಳಗಿನ ಕೋಶ (ಪ್ಯೂಪಾ) ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬಂದರೆ ಆ ಎಳೆ ತುಂಡಾಗುತ್ತದೆ. ಅದಕ್ಕೇ ಚಿಟ್ಟೆ ಹೊರಬರುವ ಮೊದಲೇ ಹಬೆಯಿಂದ ಅಥವಾ ಬಿಸಿಗಾಳಿಯಿಂದ ಜೀವವನ್ನು ಒಳಗೇ ಕೊಂದು, ಬಿಸಿನೀರಿನಲ್ಲಿ ಗೂಡನ್ನು ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಸೀರೆಗೆ ಇಂಥ ಗೂಡುಗಳು ಸಾವಿರಗಟ್ಟಲೆ ಬೇಕು.

‘ಅಹಿಂಸಾ ರೇಷ್ಮೆ’ ಆಗಬಹುದೇ? ಚಿಟ್ಟೆ ಹೊರಬಂದ ಮೇಲೆ ಉಳಿದ ತುಂಡು ಎಳೆಗಳನ್ನು ಹತ್ತಿಯಂತೆ ನೂತು ಮಾಡುವ ರೇಷ್ಮೆ ಇದು. ಆಂಧ್ರದ ಕೈಮಗ್ಗ ಕ್ಷೇತ್ರದಲ್ಲಿ ದುಡಿದ ಕುಸುಮ ರಾಜಯ್ಯ ಅವರಿಂದ ಇದು ಹೆಸರಾಯಿತು. ಕೊಲ್ಲದೆ ನೇಯಬೇಕೆಂಬ ಅವರ ಪ್ರಯತ್ನವನ್ನು ನಾನು ಗೌರವಿಸುತ್ತೇನೆ. ಆದರೂ ಇದು ವೀಗನ್ ಅಲ್ಲ. ಮನುಷ್ಯನ ಸಾಕಣೆಯಲ್ಲಿ ಹಾರುವ ಶಕ್ತಿಯನ್ನೇ ಕಳೆದುಕೊಂಡ ಕೀಟದ ಉತ್ಪನ್ನವೇ ಇದು. ಎರಿ ರೇಷ್ಮೆಯ ಗೂಡಿಗೆ ಒಂದು ಕಡೆ ಬಾಯಿ ತೆರೆದಿರುವುದರಿಂದ ಅದನ್ನೂ ಅಹಿಂಸೆಯ ಹೆಸರಿನಲ್ಲಿ ಮಾರುತ್ತಾರೆ. ಆದರೆ ಅಸ್ಸಾಮಿನಲ್ಲಿ ಎರಿ ಕೋಶವನ್ನು ಆಹಾರವಾಗಿ ತಿನ್ನುವ ರೂಢಿ ಇದೆ ಎಂಬುದೂ ಗೊತ್ತಿರಲಿ.

ಈಗ ಅಂಗಡಿಗೆ ಬರೋಣ. ಅಚ್ಚ ರೇಷ್ಮೆ ಸೀರೆಗೆ ‘ಸಿಲ್ಕ್ ಮಾರ್ಕ್’ ಚೀಟಿ ಇರಬಹುದು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಗುರುತು ಅದು. ಅದು ಕಂಡರೆ ಸೀರೆಯನ್ನು ವಾಪಸ್ ಇಡಿ. ಕಾಣದಿದ್ದರೆ ರೇಷ್ಮೆ ಇಲ್ಲ ಎಂದು ಮಾತ್ರ ತೀರ್ಮಾನಿಸಬೇಡಿ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲು ಹತ್ತಿಯದಾದರೂ ಸೆರಗಿಗೆ ರೇಷ್ಮೆಯ ಹಾಸು (ಉದ್ದಕ್ಕೆ ಹೋಗುವ ಎಳೆ) ಹಾಕಿ, ಒಡಲಿನ ಹಾಸಿನೊಂದಿಗೆ ಎಳೆಗೆ ಎಳೆ ಕೊಂಡಿ ಕೂಡಿಸಿ ನೇಯುವುದು ಅದರ ಸಾಂಪ್ರದಾಯಿಕ ರೀತಿ. ಟೋಪ್ ತೆನಿ ಎಂಬ ವಿನ್ಯಾಸದ ಸೆರಗಿನ ಹೊಳಪು ಆ ರೇಷ್ಮೆಯದ್ದು. ಆದ್ದರಿಂದ ‘ಕಾಟನ್ ಇಳಕಲ್’ ಎಂದರೂ ಸೆರಗು, ಅಂಚು ಯಾವುದರದ್ದು ಎಂದು ಬಿಡಿಸಿ ಕೇಳಿ. ಪೂರ್ತಿ ಹತ್ತಿಯ, ಆರ್ಟ್ ಸಿಲ್ಕ್ ಸೆರಗಿನ ಇಳಕಲ್ ಸೀರೆಗಳೂ ಸಿಗುತ್ತವೆ. ಗುಳೇದಗುಡ್ಡದ ಖಣದಲ್ಲೂ ರೇಷ್ಮೆ, ಹತ್ತಿ ಬೆರೆಸಿ ನೇಯುವ ರೂಢಿ ಇದೆ. ಚಂದೇರಿ, ಮಹೇಶ್ವರಿ ಸೀರೆಗಳಲ್ಲಿ ಸಾಮಾನ್ಯವಾಗಿ ರೇಷ್ಮೆ ಬೆರೆತಿರುತ್ತದೆ.

ಜರಿಯನ್ನು ಬಹಳ ಜನ ಮರೆಯುತ್ತಾರೆ. ಅಸಲಿ ಜರಿ ಎಂದರೆ ರೇಷ್ಮೆ ನೂಲಿಗೆ ಬೆಳ್ಳಿಯ ತೆಳು ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಹಾಗಾಗಿ ಹತ್ತಿಯ ಪಂಚೆಗೆ ಅಸಲಿ ಜರಿ ಅಂಚಿದ್ದರೆ ಅದರೊಳಗೆ ರೇಷ್ಮೆ ಇರುತ್ತದೆ. ಕಡಿಮೆ ಬೆಲೆಯ ಜರಿಯೇ ನಿಮಗೆ ಅನುಕೂಲ: ತಾಮ್ರದ ತಂತಿ ಸುತ್ತಿದ ಹತ್ತಿ ಅಥವಾ ವಿಸ್ಕೋಸ್ ನೂಲು, ಇಲ್ಲವೇ ಪ್ಲಾಸ್ಟಿಕ್ ಜರಿ.

‘ಆರ್ಟ್ ಸಿಲ್ಕ್’ ಎಂದರೆ ಕೃತಕ ರೇಷ್ಮೆ, ಅಂದರೆ ವಿಸ್ಕೋಸ್ ಅಥವಾ ಪಾಲಿಯೆಸ್ಟರ್, ಕೊಳ್ಳಬಹುದು. ‘ಸೆಮಿ ಸಿಲ್ಕ್’, ‘ಸಾಫ್ಟ್ ಸಿಲ್ಕ್’, ‘ಕಾಟನ್ ಸಿಲ್ಕ್’ ಎಂಬ ಹೆಸರುಗಳಿಗೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಅರ್ಥ. ಅಲ್ಲಿ ಮುಂದಿನ ಹಂತ ಬೇಕಾಗುತ್ತದೆ.

ಮದುವೆಮನೆಯಲ್ಲಿ ಏನು ಉಡುವುದು ಎಂಬ ಚಿಂತೆ ಇದ್ದರೆ ಒಂದು ಮಾತು: ಒಗೆದು, ಯಾರೂ ಮುಟ್ಟದಂತೆ ಒಣಗಿಸಿದ ಹತ್ತಿಯ ಬಟ್ಟೆ ನಮ್ಮ ಹಿರಿಯರಿಗೆ ಮಡಿಯೇ ಆಗಿತ್ತು. ದೊಡ್ಡವರ ಮುಂದೆ ವಾದ ಹೂಡುವುದಕ್ಕಿಂತ ಇದನ್ನು ನೆನಪಿಸುವುದು ಮೇಲು. ಉಡುಪಿ ಸೀರೆ, ಗಜೇಂದ್ರಗಡದ ಪಟ್ಟೆದಂಚು, ಹೆಗ್ಗೋಡಿನ ಬಳಿಯ ಚರಕ ಸಂಸ್ಥೆಯ ಕೈಮಗ್ಗದ ಹತ್ತಿ ಬಟ್ಟೆಗಳು ಸಮಾರಂಭಕ್ಕೂ ಗೌರವ ತರುತ್ತವೆ.

ಹಂತ 4: ಒಂದು ಎಳೆ ಸುಟ್ಟು ನೋಡಿ

ಸೀರೆಯ ಸೆರಗಿನ ತುದಿಯಲ್ಲಿ ಕುಚ್ಚು ಕಟ್ಟಲು ಬಿಟ್ಟ ಎಳೆಗಳಿರುತ್ತವೆ. ಅವು ಹಾಸಿನ ಎಳೆಗಳು, ಅಂದರೆ ಉದ್ದಕ್ಕೆ ಹೋಗುವವು. ಅಡ್ಡಡ್ಡ ಹೋಗುವ ಹೊಕ್ಕಿನ ಎಳೆಯನ್ನೂ ಒಂದು ಬಿಡಿಸಿಕೊಳ್ಳಿ. ಹಾಸು ಒಂದು, ಹೊಕ್ಕು ಇನ್ನೊಂದು ನೂಲಿನದಾಗಿರುವುದು ಸಾಮಾನ್ಯ. ಒಡಲು, ಸೆರಗು, ಅಂಚು ಮೂರರಿಂದಲೂ ಬೇರೆ ಬೇರೆಯಾಗಿ ತೆಗೆದರೆ ಮಾತ್ರ ಪರೀಕ್ಷೆಗೆ ಅರ್ಥ.

ಎಳೆಯನ್ನು ಚಿಮುಟದಲ್ಲಿ ಹಿಡಿದು, ತಟ್ಟೆಯ ಮೇಲೆ, ಜ್ವಾಲೆಯ ಪಕ್ಕಕ್ಕೆ ತನ್ನಿ.

ರೇಷ್ಮೆ, ಉಣ್ಣೆ: ಜ್ವಾಲೆಯಿಂದ ಮುದುಡಿಕೊಂಡು ನಿಧಾನ ಉರಿಯುತ್ತವೆ, ಕೂದಲು ಸುಟ್ಟ ವಾಸನೆ ಬರುತ್ತದೆ, ತುದಿಯ ಕಪ್ಪು ಗುಂಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ.

ಹತ್ತಿ, ಲಿನನ್, ವಿಸ್ಕೋಸ್: ಬೇಗ ಉರಿಯುತ್ತವೆ, ಕಾಗದ ಸುಟ್ಟ ವಾಸನೆ, ಮೃದುವಾದ ಬೂದಿ.

ಪಾಲಿಯೆಸ್ಟರ್, ನೈಲಾನ್: ಕರಗಿ ಸುರುಟಿಕೊಳ್ಳುತ್ತವೆ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತದೆ, ಹಿಸುಕಿದರೆ ಒಡೆಯುವುದಿಲ್ಲ.

ಆರುವವರೆಗೆ ಮುಟ್ಟಬೇಡಿ; ಕರಗಿದ ನೈಲಾನ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಮಕ್ಕಳನ್ನು ದೂರ ಇಡಿ. ಇಡೀ ಬಟ್ಟೆಯ ತುದಿಯನ್ನು ಜ್ವಾಲೆಗೆ ಎಂದೂ ಹಿಡಿಯಬೇಡಿ. ಎರಡು ನಾರು ಬೆರೆಸಿ ನೂತ ಎಳೆಯಾದರೆ ಎರಡರ ಲಕ್ಷಣವೂ ಕಲಸಿ ಬರುತ್ತದೆ. ಕೂದಲ ವಾಸನೆ ಸ್ವಲ್ಪ ಬಂದರೂ ಪ್ರಾಣಿಮೂಲ ಇದೆ ಎಂದೇ ತಿಳಿಯಿರಿ. ಅಂಗಡಿಯಲ್ಲಿ ಇದನ್ನು ಮಾಡಲಾಗದು. ಬದಲಾಯಿಸಿ ಕೊಡುತ್ತೀರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ನಾರಿನ ಹೆಸರು ಬರೆಸಿಕೊಳ್ಳಿ. ಹೆಸರು ಬರೆಯಲು ಹಿಂಜರಿಯುವ ಅಂಗಡಿಯಿಂದ ಕೊಳ್ಳದಿರುವುದೇ ಲೇಸು.

ಹಂತ 5: ಉಣ್ಣೆ, ಗರಿ, ಗುಂಡಿ, ಬಣ್ಣ

ಮೆರಿನೋ ಉಣ್ಣೆಯ ಹಿಂದೆ ‘ಮ್ಯೂಲ್ಸಿಂಗ್’ ಎಂಬ ಪದ್ಧತಿ ಇದೆ. ನೊಣ ಮೊಟ್ಟೆ ಇಡದಿರಲೆಂದು ಕುರಿಮರಿಯ ಹಿಂಭಾಗದ ಚರ್ಮವನ್ನು ಕೊಯ್ದು ತೆಗೆಯುವುದು. ನ್ಯೂಜಿಲೆಂಡ್ 2018ರಲ್ಲಿ ಇದನ್ನು ನಿಷೇಧಿಸಿತು, ಆಸ್ಟ್ರೇಲಿಯಾದಲ್ಲಿ ಉಳಿದುಕೊಂಡಿತು. ಉಣ್ಣೆ ಬೇಡವೆಂದರೆ ಬೆಂಗಳೂರು, ಮಡಿಕೇರಿಯ ಚಳಿಗೆ ದಪ್ಪ ಹತ್ತಿ, ಅಕ್ರಿಲಿಕ್, ಪಾಲಿಯೆಸ್ಟರ್ ಫ್ಲೀಸ್ ಧಾರಾಳ ಸಾಕು. ಹಿಮ ಬೀಳುವ ಊರಿನಲ್ಲಿರುವ ಕನ್ನಡಿಗರು ಜಾಕೆಟ್ಟಿನ ಪಟ್ಟಿಯಲ್ಲಿ ‘ಡೌನ್’ ಅಥವಾ ‘ಫೆದರ್’ ಎಂದಿದೆಯೇ ನೋಡಿ. ಅದು ಬಾತುಕೋಳಿ, ಹೆಬ್ಬಾತುಗಳ ಗರಿ. ‘ಪಾಲಿಯೆಸ್ಟರ್ ಫಿಲ್’ ಇರುವುದನ್ನು ಆರಿಸಿ. ತುಪ್ಪಳದ ವಿಷಯದಲ್ಲಿ ಸಮಾಧಾನದ ಸಂಗತಿ ಒಂದಿದೆ: ಮಿಂಕ್, ನರಿ, ಚಿಂಚಿಲ್ಲಾ ತುಪ್ಪಳದ ಆಮದನ್ನು ಭಾರತ 2017ರಲ್ಲಿ ನಿಷೇಧಿಸಿದೆ.

ಗುಂಡಿಗಳು ಕೊಂಬಿನವೋ, ಮುತ್ತಿನ ಚಿಪ್ಪಿನವೋ ಆಗಿರಬಹುದು. ಚಿಪ್ಪಿನ ಗುಂಡಿ ತುಟಿಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿನದು ಅಷ್ಟು ತಣ್ಣಗಿರದು. ಜೀನ್ಸಿನ ಬೆನ್ನ ಮೇಲಿನ ಪಟ್ಟಿ ಚರ್ಮದ್ದಿರಬಹುದು. ಯುರೋಪಿನ ಮಾರುಕಟ್ಟೆಗೆ ಹೊಲಿದ ಬಟ್ಟೆಯಲ್ಲಿ ಇಂಥ ಭಾಗಗಳಿದ್ದರೆ ‘ಕಂಟೇನ್ಸ್ ನಾನ್-ಟೆಕ್ಸ್‌ಟೈಲ್ ಪಾರ್ಟ್ಸ್ ಆಫ್ ಆ್ಯನಿಮಲ್ ಆರಿಜಿನ್’ ಎಂದು ನಮೂದಿಸುವುದು ಅಲ್ಲಿನ ಕಾನೂನು. ರಫ್ತಿನಲ್ಲಿ ಮಿಕ್ಕ ಬಟ್ಟೆ ಕೊಳ್ಳುವವರು ಆ ಸಾಲನ್ನು ಹುಡುಕಿ.

ಬಣ್ಣದಲ್ಲೂ ಸೂಕ್ಷ್ಮವಿದೆ. ಶ್ರೀಕಾಳಹಸ್ತಿಯ ಕೈಬರಹದ ಕಲಂಕಾರಿಯಲ್ಲಿ ಬಣ್ಣ ಹರಡದಿರಲು ಬಟ್ಟೆಯನ್ನು ಅಳಲೆಕಾಯಿಯ ಜೊತೆ ಎಮ್ಮೆ ಹಾಲಿನಲ್ಲಿ ನೆನೆಸುತ್ತಾರೆ. ಮೇಣ ಬಳಿದು ಬಣ್ಣ ಹಾಕುವ ಬಾಟಿಕ್‌ನ ಮೇಣದಲ್ಲಿ ಜೇನುಮೇಣ ಬೆರೆತಿರಬಹುದು. ಅರಗಿನಿಂದ ತೆಗೆದ ಕೆಂಪು ಬಣ್ಣ ಕೀಟದ್ದು. ಇಷ್ಟು ದೂರ ಹೋಗಬೇಕೇ ಎಂಬುದು ನಿಮ್ಮ ನಿರ್ಧಾರ. ಹೊಸಬರು ಮೊದಲು ಚರ್ಮ, ರೇಷ್ಮೆ, ಉಣ್ಣೆಗಳನ್ನು ಸರಿಪಡಿಸಿಕೊಳ್ಳಲಿ ಎಂಬುದು ನನ್ನ ಸಲಹೆ.

ಹಂತ 6: ಶೂ, ಚಪ್ಪಲಿಯನ್ನು ಭಾಗ ಭಾಗವಾಗಿ ನೋಡಿ

ಒಂದು ಶೂನಲ್ಲಿ ಮೇಲ್ಭಾಗ, ಒಳಪದರ, ಪಾದ ಇಡುವ ಹಾಸು, ಅಟ್ಟೆ, ಅಂಟು ಇರುತ್ತವೆ. ಮೇಲ್ಭಾಗ ಮಾತ್ರ ನೋಡಿ ಕೊಂಡವರು ಮೋಸಹೋಗುವುದು ಒಳಹಾಸಿನಲ್ಲಿ. ಓಟದ ಶೂಗಳಲ್ಲಿ ಜಾಲರಿ ಬಟ್ಟೆಯ ಮೇಲೆ ಹಿಮ್ಮಡಿಗೂ ಬೆರಳಿನ ತುದಿಗೂ ಸ್ವೇಡ್ ತುಂಡು ಹೊಲಿದಿರಬಹುದು. ಸ್ವೇಡ್, ನುಬಕ್, ನಪ್ಪಾ ಎಲ್ಲವೂ ಚರ್ಮವೇ; ‘ಸಿಂಥೆಟಿಕ್ ಸ್ವೇಡ್’, ‘ಮೈಕ್ರೋಫೈಬರ್’ ಎಂದಿದ್ದರೆ ಅಲ್ಲ. ‘ಬಾಂಡೆಡ್ ಲೆದರ್’ ಎಂದರೆ ಚರ್ಮದ ಚೂರುಗಳನ್ನು ಅಂಟಿಸಿ ಮಾಡಿದ ಹಾಳೆ.

ಅನೇಕ ಶೂಗಳ ನಾಲಿಗೆಯ ಹಿಂದೆ ಅಥವಾ ಅಟ್ಟೆಯ ಕೆಳಗೆ ಪುಟ್ಟ ಚಿತ್ರಗಳಿರುತ್ತವೆ. ಹರಡಿಟ್ಟ ತೊಗಲಿನ ಆಕಾರ ಚರ್ಮದ ಗುರುತು. ಆ ತೊಗಲಿನೊಳಗೆ ವಜ್ರಾಕೃತಿ ಇದ್ದರೆ ಲೇಪ ಹಚ್ಚಿದ ಚರ್ಮ. ಹೆಣೆದ ಜಾಲರಿ ಬಟ್ಟೆಯದು. ಬರೀ ವಜ್ರಾಕೃತಿ ಎಂದರೆ ಇತರ ವಸ್ತು, ಸಾಮಾನ್ಯವಾಗಿ ರಬ್ಬರ್ ಅಥವಾ ಸಿಂಥೆಟಿಕ್. ಇದು ಯುರೋಪಿನ 1994ರ ನಿಯಮ. ಒಂದು ಎಚ್ಚರಿಕೆ: ಆಯಾ ಭಾಗದ ಶೇ. 80ರಷ್ಟು ಯಾವ ವಸ್ತುವೋ ಅದನ್ನಷ್ಟೇ ಚಿತ್ರ ಹೇಳುತ್ತದೆ. ಜಾಲರಿಯ ಗುರುತಿರುವ ಶೂನಲ್ಲೂ ಸಣ್ಣ ಚರ್ಮದ ತುಂಡು ಇರಬಹುದು.

ಗುರುತಿಲ್ಲದಿದ್ದರೆ ಕತ್ತರಿಸಿದ ಅಂಚು ನೋಡಿ. ಬೆಲ್ಟಾದರೆ ತೂತಿನ ಒಳಗೆ ಟಾರ್ಚ್ ಬಿಡಿ. ಚರ್ಮವಾದರೆ ನಾರುನಾರಾಗಿ, ಮೇಲಿಂದ ಕೆಳಗೆ ಒಂದೇ ದ್ರವ್ಯವಾಗಿ ಕಾಣುತ್ತದೆ. ರೆಕ್ಸಿನ್ ಆದರೆ ಪ್ಲಾಸ್ಟಿಕ್ ಪದರದ ಕೆಳಗೆ ನೇಯ್ದ ಬಟ್ಟೆ ಇಣುಕುತ್ತದೆ. ವಾಸನೆಯನ್ನು ನಂಬಬೇಡಿ; ಚರ್ಮದ ವಾಸನೆಯನ್ನು ಬೇರೆಯಾಗಿ ಸೇರಿಸಬಹುದು.

ತುಂಬ ಜನ ಬೀಳುವ ಗುಂಡಿ ‘ವೆಜಿಟೆಬಲ್ ಟ್ಯಾನ್ಡ್ ಲೆದರ್’. ಇದು ಸಸ್ಯದ ಚರ್ಮವಲ್ಲ. ಪ್ರಾಣಿಯ ತೊಗಲನ್ನು ಕ್ರೋಮಿಯಂ ಬದಲು ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ್ದು. ಅಥಣಿ, ನಿಪ್ಪಾಣಿಯಲ್ಲೂ ತಯಾರಾಗುವ, 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಯಿಂದ ಹೀಗೆಯೇ ಹದ ಮಾಡುತ್ತಾರೆ. ಆ ಕಸುಬು ಮಾಡುವವರ ಬಗ್ಗೆ ನನಗೆ ಅಪಾರ ಗೌರವವಿದೆ. ವೀಗನ್ ಆದವರು ಅವರನ್ನು ಕೀಳಾಗಿ ನೋಡುವುದು ದೊಡ್ಡ ತಪ್ಪು. ಕ್ಯಾನ್ವಾಸ್, ರಬ್ಬರ್, ರೆಕ್ಸಿನ್ ಕೊಟ್ಟು ಅಳತೆಗೆ ಹೊಲಿಸಿಕೊಂಡರೆ ಅದೇ ಕೈಗಳಿಗೆ ಕೆಲಸ ಸಿಗುತ್ತದೆ. ತಾನಾಗಿ ಸತ್ತ ದನದ ತೊಗಲಿನ ಚಪ್ಪಲಿಯನ್ನು ಗಾಂಧೀಜಿ ಪ್ರೋತ್ಸಾಹಿಸಿದ್ದರು. ಕೊಲೆಯ ಪ್ರಶ್ನೆ ಅಲ್ಲಿ ಬೇರೆ, ಆದರೂ ವಸ್ತು ಚರ್ಮವೇ.

ಭರತನಾಟ್ಯ ಕಲಿಯುವವರಿಗೆ: ಗೆಜ್ಜೆಯ ಪಟ್ಟಿ ಚರ್ಮದ್ದಿರುತ್ತದೆ. ವೆಲ್ವೆಟ್ ಪಟ್ಟಿಗೆ ಅಥವಾ ಹಗ್ಗಕ್ಕೆ ಪೋಣಿಸಿದ್ದನ್ನು ಕೇಳಿ ಪಡೆಯಿರಿ.

ಹಂತ 7: ಮುದ್ರೆಗಳು ಏನನ್ನು ಹೇಳುವುದಿಲ್ಲ

ವೀಗನ್ ಎಂದೇ ಹೇಳುವ ಮುದ್ರೆಗಳಲ್ಲಿ ಎರಡು ಮುಖ್ಯ. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವೀಗನ್ ಸೊಸೈಟಿಯದು ಒಂದು. ಇನ್ನೊಂದು ಪ್ರಾಣಿಹಕ್ಕು ಸಂಸ್ಥೆ ಪೆಟಾ ಕೊಡುವ ‘ಪೆಟಾ-ಅಪ್ರೂವ್ಡ್ ವೀಗನ್’, ಇದು ಕಂಪನಿ ಬರೆದುಕೊಡುವ ಭರವಸೆಯನ್ನು ಆಧರಿಸಿದ್ದು. ಎರಡೂ ಕಂಪನಿಯ ಎಲ್ಲ ಸರಕಿಗೂ ಅನ್ವಯಿಸಬೇಕೆಂದಿಲ್ಲ. ನೀವು ಕೊಳ್ಳುವ ಜೋಡಿಯ ಮೇಲೇ ಮುದ್ರೆ ಇರಬೇಕು.

ಗಾಟ್ಸ್ ಸಾವಯವ ನಾರಿನ ಮುದ್ರೆ. ಸಾವಯವ ಉಣ್ಣೆ, ರೇಷ್ಮೆಗೂ ಸಿಗುತ್ತದೆ. ಓಕೋ-ಟೆಕ್ಸ್ ಹಾನಿಕರ ರಾಸಾಯನಿಕಗಳ ಪರೀಕ್ಷೆಗೆ ಸಂಬಂಧಿಸಿದ್ದು. ‘ರೆಸ್ಪಾನ್ಸಿಬಲ್ ವೂಲ್’, ‘ರೆಸ್ಪಾನ್ಸಿಬಲ್ ಡೌನ್’ ಎಂದರೆ ಪ್ರಾಣಿಯನ್ನು ಸಾಕುವ ರೀತಿಗೆ ನಿಯಮವಿದೆ ಎಂದಷ್ಟೇ. ನಮ್ಮ ‘ಹ್ಯಾಂಡ್‌ಲೂಮ್ ಮಾರ್ಕ್’ ಕೈಮಗ್ಗದ್ದು ಎಂದು ಹೇಳುತ್ತದೆ, ನಾರು ಯಾವುದೆಂದಲ್ಲ.

ಹಂತ 8: ವೀಗನ್ ಆದ ಮಾತ್ರಕ್ಕೆ ಒಳ್ಳೆಯದಲ್ಲ

ಈ ಮಾತನ್ನು ಹೇಳದೆ ಬಿಟ್ಟರೆ ಲೇಖನ ಅರ್ಧವಾಗುತ್ತದೆ. ‘ವೀಗನ್ ಲೆದರ್’ ಎಂದು ಮಾರುವುದರಲ್ಲಿ ಬಹುಪಾಲು ಪಿಯು ಅಥವಾ ಪಿವಿಸಿ, ಎರಡೂ ಪ್ಲಾಸ್ಟಿಕ್. ಎರಡರಲ್ಲಿ ಪಿವಿಸಿ ಹೆಚ್ಚು ಕೆಟ್ಟದ್ದು. ಕ್ಲೋರಿನ್ ಇರುವುದರಿಂದ ಸುಟ್ಟರೆ ವಿಷಾನಿಲ ಬರುತ್ತದೆ. ಕಾನ್ಪುರದ ದೇವಸ್ಥಾನದ ಹೂವಿನಿಂದ, ಕೇರಳದ ತೆಂಗಿನ ನೀರಿನಿಂದ ಚರ್ಮದಂಥ ಹಾಳೆ ಮಾಡುವ ಪ್ರಯತ್ನಗಳು ನಡೆದಿವೆ. ಅನಾನಸ್ ಎಲೆ, ಕಳ್ಳಿಯ ಹೆಸರಿನಲ್ಲಿ ಬರುವ ಹಾಳೆಗಳನ್ನು ಕೊಳ್ಳುವ ಮುನ್ನ ಅದರಲ್ಲಿ ಪಿಯು ಎಷ್ಟು ಎಂದು ಕೇಳಿ; ಇರುತ್ತದೆ.

ವಿಸ್ಕೋಸ್ ಮರದ್ದು, ಹಾಗಾಗಿ ನಿರಪಾಯ ಎಂಬ ನಂಬಿಕೆಯೂ ಬೇಡ. ಅದರ ತಿರುಳಿಗೆಂದು ಊರ ಗೋಮಾಳದಲ್ಲಿ ನೀಲಗಿರಿ ನೆಟ್ಟಾಗ, ಅದನ್ನು ಕಿತ್ತು ಊರಿಗೆ ಬೇಕಾದ ಗಿಡ ನೆಡುವ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನಡೆಯಿತು. ಹರಿಹರದ ಬಳಿ ಆ ತಿರುಳಿನ ಕಾರ್ಖಾನೆಯ ಕೊಳಚೆಯಿಂದ ತುಂಗಭದ್ರೆಯ ನೀರು ಕೆಟ್ಟು ಮೀನು ಸತ್ತದ್ದನ್ನು ಕಂಡವರು ಆ ಭಾಗದಲ್ಲಿ ಈಗಲೂ ಇದ್ದಾರೆ. ಮೀನೂ ಪ್ರಾಣಿಯೇ. ಆದ್ದರಿಂದ ನನ್ನ ಆಯ್ಕೆಯ ಕ್ರಮ ಹೀಗಿದೆ: ಮೊದಲು ಹತ್ತಿ, ಲಿನನ್, ಆಮೇಲೆ ಲಯೋಸೆಲ್, ಕೊನೆಗೆ ಪಾಲಿಯೆಸ್ಟರ್. ಕಾಲಿಗೆ ಕ್ಯಾನ್ವಾಸ್, ರಬ್ಬರ್ ಮೊದಲು, ಕಚೇರಿಗೆ ಬೇಕೇ ಬೇಕೆಂದರೆ ಮೈಕ್ರೋಫೈಬರ್, ಪಿವಿಸಿ ಬೇಡ.

ಪಿಯು ಶೂಗಳನ್ನು ಕೂಡಿಡಬೇಡಿ. ಗಾಳಿಯ ತೇವಾಂಶಕ್ಕೆ ಪಿಯು ಒಳಗಿಂದಲೇ ಒಡೆಯುತ್ತದೆ. ಮದುವೆಗೆ ಒಮ್ಮೆ ಹಾಕಿ ಡಬ್ಬಿಯಲ್ಲಿಟ್ಟ ಜೋಡಿಯನ್ನು ಕರಾವಳಿ, ಮಲೆನಾಡಿನ ಕೆಲವು ಮಳೆಗಾಲ ಕಳೆದ ಮೇಲೆ ತೆಗೆದರೆ ಅಟ್ಟೆ ಬ್ರೆಡ್ಡಿನಂತೆ ಉದುರುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳು, ವರ್ಷ ನೋಡಿ; ರಿಯಾಯಿತಿ ಮಾರಾಟದಲ್ಲಿ ಹಳೆಯ ದಾಸ್ತಾನು ಬರುತ್ತದೆ. ಕೊಂಡ ಮೇಲೆ ಆಗಾಗ ಹಾಕಿ ನಡೆಯಿರಿ. ಒದ್ದೆಯಾದರೆ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ.

ಹಂತ 9: ಕಂಪನಿಗೆ ಬರೆಯಿರಿ

ಅಂಟು ಯಾವುದು ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಹಿಂದೆ ತೊಗಲು, ಮೂಳೆ ಬೇಯಿಸಿ ಅಂಟು ಮಾಡುತ್ತಿದ್ದರು. ಈಗ ಕಾರ್ಖಾನೆಗಳಲ್ಲಿ ಬಹುತೇಕ ಸಿಂಥೆಟಿಕ್. ಖಚಿತವಾಗಬೇಕಾದರೆ ಕೇಳಬೇಕು. ಗ್ರಾಹಕ ಸೇವೆಗೆ ಹೀಗೆ ಬರೆಯಿರಿ:

“ನಾನು ಕೊಳ್ಳಬೇಕೆಂದಿರುವ ಶೂನ ಮಾದರಿ ಸಂಖ್ಯೆ ಇದು. ಮೇಲ್ಭಾಗ, ಒಳಪದರ, ಒಳಹಾಸು, ಅಟ್ಟೆ ಪ್ರತಿಯೊಂದೂ ಯಾವ ವಸ್ತುವಿನದು? ಅಂಟು, ಬಣ್ಣ, ಪಾಲಿಶ್‌ನಲ್ಲಿ ಪ್ರಾಣಿಮೂಲದ್ದು ಇದೆಯೇ? ಎಲ್ಲ ಬಣ್ಣದ ಜೋಡಿಗಳಿಗೂ ಇದೇ ಉತ್ತರವೇ?”

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಒಂದೇ ಮಾದರಿಯ ಕಪ್ಪು ಜೋಡಿ ಸಿಂಥೆಟಿಕ್ ಆಗಿದ್ದು ಕಂದು ಜೋಡಿ ಚರ್ಮದ್ದಾಗಿರಬಹುದು. ಕಾರ್ಖಾನೆಯಲ್ಲಿ ದುಡಿಯುವವರು ಸುರಕ್ಷತಾ ಬೂಟು ಹಂಚುವ ಮೊದಲೇ, ಅಳತೆ ಕೊಡುವ ದಿನವೇ, ಮೈಕ್ರೋಫೈಬರ್ ಬೂಟು ಬೇಕೆಂದು ಲಿಖಿತವಾಗಿ ಕೇಳಿ. ಬೂಟಿನ ಸುರಕ್ಷತಾ ದರ್ಜೆ ನಿಮ್ಮ ಕೆಲಸಕ್ಕೆ ಹೇಳಿದ್ದೇ ಆಗಿರಲಿ, ಅದರಲ್ಲಿ ರಾಜಿ ಬೇಡ. ‘ನಮ್ಮ ಉತ್ಪನ್ನಗಳು ಪರಿಸರಸ್ನೇಹಿ’ ಎಂಬಂಥ ಉತ್ತರ ಬಂದರೆ ಅದು ಉತ್ತರವಲ್ಲ, ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕಳಿಸಿ. ಆಗಲೂ ವಸ್ತುವಿನ ಹೆಸರು ಹೇಳದಿದ್ದರೆ ಆ ಜೋಡಿ ಬಿಟ್ಟು ಬೇರೆ ನೋಡಿ.